ಮುಪ್ಪಿನ ಮಿದುಳೂ ಹೆರಿಗೆಯ ದಫ್ತರವೂ

ಮುಪ್ಪಿನೊಡನೆ ಮರೆವು ಬರುವುದು ಸಹಜವೆಂದು ನಮ್ಮ ಕಂಪಲಾಪುರದ ಕಡೆಯ ಹಿರಿಯರು ಹೇಳುವುದುಂಟು. ಬೀಗದ ಕೈ ಇಟ್ಟ ಸ್ಥಳವನ್ನು ಮರೆತರೆ ಅದು ವಯೋಧರ್ಮವೇ ಸರಿ. ಆದರೆ ಹೆತ್ತ ಮಗಳನ್ನೇ “ಯಾರವ್ವ ನೀನು?” ಎಂದು ಕೇಳುವ ಸ್ಥಿತಿಯು ವಯೋಧರ್ಮವಲ್ಲ, ರೋಗ. 1906ರಲ್ಲಿ ಜರ್ಮನಿಯ ಆಲ್ಜೈಮರ್ ಎಂಬ ವೈದ್ಯನು ಇಂಥ ರೋಗಿಯೊಬ್ಬಳ ಮಿದುಳಿನ ವಿಕಾರವನ್ನು ವೈದ್ಯರ ಸಭೆಯ ಮುಂದೆ ವಿವರಿಸಿದನು. ಈ ರೋಗದಲ್ಲಿ ನರಕೋಶಗಳ ಹೊರಗೆ ಒಂದು ಬಗೆಯ ಪ್ರೋಟೀನು ಗಸಿಯಂತೆ ಶೇಖರವಾಗುವುದು. ಒಳಗೆ ಮತ್ತೊಂದು ಪ್ರೋಟೀನು ನೂಲಿನಂತೆ ಸಿಕ್ಕುಗಟ್ಟುವುದು. ಮರೆವು ಹೊರಗೆ ತೋರುವುದಕ್ಕೆ ಎಷ್ಟೋ ವರ್ಷ ಮೊದಲೇ ಈ ಕೆಡುಕು ಆರಂಭವಾಗುವುದೆಂದು ಈಗ ತಿಳಿದಿದೆ.

ಹಾಗಾದರೆ ಮಿದುಳಿನ ಬಲಕ್ಕೆ ಅಡಿಪಾಯ ಬೀಳುವುದೆಂದು? ಇದಕ್ಕೆ ಉತ್ತರವನ್ನು ನಮ್ಮ ಮೈಸೂರಿನಲ್ಲಿಯೇ ಹುಡುಕಿರುವರು. ಮಿಷನ್ ಆಸ್ಪತ್ರೆಯೆಂದು ಜನರು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯು ಸ್ಥಾಪಿತವಾದುದೂ 1906ರಲ್ಲಿಯೇ. ಅಲ್ಲಿ 1934ರಿಂದ, ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆ ಇವುಗಳನ್ನು ದಫ್ತರದಲ್ಲಿ ಬರೆದಿಡುತ್ತ ಬಂದರು. ಆ ದಾದಿಯರಿಗೆ ಅದು ದಿನದಿನದ ಕೆಲಸ. ಮುಂದೆ ಯಾರಿಗೆ ಬೇಕಾಗುವುದೆಂಬ ಯೋಚನೆ ಅವರಿಗೆ ಇದ್ದಿರಲಾರದು.

ಈ ಶತಮಾನದ ಎರಡನೆಯ ದಶಕದಲ್ಲಿ ಡಾಕ್ಟರ್ ಮುರಳಿ ಕೃಷ್ಣ ಮೊದಲಾದವರು, ಹಾಗೆ ಅಳೆಯಲ್ಪಟ್ಟ ಕೂಸುಗಳ ಪೈಕಿ 721 ಮಂದಿಯನ್ನು ಪರೀಕ್ಷಿಸಿದರು. ಅವರು ಆಗ 55ರಿಂದ 80 ವರ್ಷದವರೆಗಿನ ಹಿರಿಯರು. ಜ್ಞಾಪಕಶಕ್ತಿ, ಮಾತು, ಆಲೋಚನೆ ಇವುಗಳ ಪರೀಕ್ಷೆಯಾಯಿತು. ಹುಟ್ಟಿದಾಗ ಹೆಚ್ಚು ತೂಕವಿದ್ದವರು ಒಟ್ಟಿನಲ್ಲಿ ಉತ್ತಮವಾಗಿ ಉತ್ತರಿಸಿದರು. ಕಡಮೆ ತೂಕದ ಕೂಸಿಗೆ ಮರೆವಿನ ರೋಗ ತಪ್ಪದೆಂದು ಯಾವ ತಾಯಿಯೂ ಇದರಿಂದ ಭಾವಿಸಕೂಡದು. ಇದು ನೂರಾರು ಮಂದಿಯ ಸರಾಸರಿಯ ಮಾತು.

ಸೋದರಿಯರೇ, ನಾವು ಗಮನಿಸತಕ್ಕ ಸಂಗತಿ ಬೇರೊಂದುಂಟು. ತೂಕದೊಡನೆ, ಆ ಹಿರಿಯರು ಓದಿದ ಓದೂ ಅವರ ತಾಯಂದಿರು ಓದಿದ ಓದೂ ಉತ್ತಮ ಉತ್ತರಗಳೊಡನೆ ಸೇರಿಕೊಂಡು ಕಾಣಿಸಿದುವು. ಆ ಕಾಲದಲ್ಲಿ ನಮ್ಮ ಸೀಮೆಯ ಹೆಣ್ಣುಮಗಳೊಬ್ಬಳು ನಾಲ್ಕು ತರಗತಿ ಓದುವುದೇ ದೊಡ್ಡದಾಗಿತ್ತು. ಹಾಗೆ ಓದಿದವಳ ಗುರುತು ಮಗುವಿನ ಎಪ್ಪತ್ತನೆಯ ವರ್ಷದವರೆಗೂ ಉಳಿದಂತಿದೆ. ಓದಿದ ಮಿದುಳಿನಲ್ಲಿ ಗಸಿ ಸೇರುವುದಿಲ್ಲವೆಂದಲ್ಲ. ಸೇರಿದರೂ ನರಕೋಶಗಳು ಬೇರೆ ದಾರಿ ಹಿಡಿದು ಸಂದೇಶವನ್ನು ಸಾಗಿಸುವುವೆಂದು ವಿದ್ವಾಂಸರ ಅಭಿಪ್ರಾಯ. ಹುಣಸೂರಿನ ರಸ್ತೆಗೆ ಮರ ಬಿದ್ದ ದಿನ ಗಾಡಿಗಳು ಊರೊಳಗಿನ ಓಣಿಗಳನ್ನು ಹಿಡಿದು ಹೋಗುವಂತೆ.