ಡೇರೆ ಗೆಡ್ಡೆಯ ಕಣ್ಣು

ಕೂಸೇ,

ಬೆಂಗಳೂರಿನ ನಿನ್ನ ಬಾಲ್ಕನಿಗೆ ಡೇರೆ ಗೆಡ್ಡೆ ಬೇಕು ಅಂದೆಯಲ್ಲ, ನನಗಾದ ಖುಷಿ ಅಷ್ಟಿಷ್ಟಲ್ಲ. ಕಳಿಸುತ್ತೇನೆ. ಜೊತೆಗೆ ಒಂದಿಷ್ಟು ಮಾತೂ ಇರಲಿ.

ಗೆಡ್ಡೆ ಎಷ್ಟು ದಪ್ಪಗಿದೆ ಅಂತ ನೋಡಬೇಡ, ಕಣ್ಣಿದೆಯಾ ನೋಡು. ಹಳೆಯ ಕಾಂಡಕ್ಕೆ ಅಂಟಿಕೊಂಡ ಕುತ್ತಿಗೆಯ ಹತ್ತಿರ ಮಾತ್ರ ಕಣ್ಣಿರುತ್ತದೆ. ಆ ಕುತ್ತಿಗೆ ಮುರಿದರೆ ಗೆಣಸಿನಷ್ಟು ದಪ್ಪದ್ದೂ ಮಣ್ಣಲ್ಲಿ ಸುಮ್ಮನೆ ಕೊಳೆಯುತ್ತದೆ. ಚಿಗುರುವವರೆಗೆ ನೀರು ತೀರಾ ಕಡಿಮೆ ಸಾಕು. ಆಸರೆಯ ಗೂಟವನ್ನು ನೆಡುವ ದಿನವೇ ಊರಿಬಿಡು. ಆಮೇಲೆ ಊರಿದರೆ ಗೆಡ್ಡೆಗೆ ಚುಚ್ಚುತ್ತದೆ. ಅರ್ಧ ದಿನವಾದರೂ ಬಿಸಿಲು ಬೀಳಬೇಕು.

ಡೇರೆಗೆ ಪುಸ್ತಕದಲ್ಲಿ ಡಾಲಿಯಾ ಅಂತಾರೆ. ಮೂಲ ಮೆಕ್ಸಿಕೋ ಗುಡ್ಡಗಾಡಿನದು. 1791ರಲ್ಲಿ ಮ್ಯಾಡ್ರಿಡ್‌ನಲ್ಲಿ ಆ ಹೆಸರಿಟ್ಟರು. ಎಲ್ಲಿಯದೋ ಹೂವು ನಮ್ಮ ಶಿರಸಿ ಕಡೆಯ ಹೆಂಗಸರ ಕೈಯಲ್ಲಿ ಮನೆಯ ಕೂಸೇ ಆಯಿತು. ಬೀಜದಿಂದ ಹುಟ್ಟಿದ್ದು ತಾಯಿಯ ಬಣ್ಣವನ್ನೇ ಕೊಡುತ್ತದೆ ಅಂತಿಲ್ಲ. ಗೆಡ್ಡೆ ಒಡೆದು ನೆಟ್ಟರೆ, ಇಲ್ಲವೇ ಕುಡಿ ಊರಿದರೆ ಮಾತ್ರ ಅದೇ ಗಿಡ. ಹಾಗಾಗಿ ನನ್ನ ಅತ್ತೆ ತವರಿಂದ ಸೆರಗಲ್ಲಿ ಕಟ್ಟಿ ತಂದ ಕೆಂಪಂಚಿನ ಬಿಳಿ ಡೇರೆಯೂ ಈಗ ನಮ್ಮ ಅಂಗಳದಲ್ಲಿರುವುದೂ ಬೇರೆಬೇರೆ ಅಲ್ಲ.

ಅದನ್ನು ನಾನು ಒಮ್ಮೆ ಕಳಕೊಂಡಿದ್ದೆ. ಅತ್ತೆ ಹೋದ ಮರುವರ್ಷ ಆ ಬಣ್ಣ ಯಾರಿಗೂ ಕೊಡಬಾರದು ಅನ್ನಿಸಿತು. ಕೇಳಿದವರಿಗೆಲ್ಲ ಈ ಸಲ ಗೆಡ್ಡೆ ಇಲ್ಲ ಅಂದೆ. ಇದ್ದದ್ದನ್ನೆಲ್ಲ ಒಂದೇ ಬುಟ್ಟಿಯಲ್ಲಿ ಅಟ್ಟಕ್ಕೇರಿಸಿದೆ. ಮಳೆಗಾಲ ಹಿಡಿಯುವ ಹೊತ್ತಿಗೆ ಇಳಿಸಿದರೆ ಬುಟ್ಟಿಯ ತುಂಬ ಮೆತ್ತಗೆ ಕೊಳೆತ ಮುದ್ದೆ, ಹುಳಿ ವಾಸನೆ. ಕೂತು ಅತ್ತುಬಿಟ್ಟೆ, ಕೂಸೇ. ಹೂವಿಗಿಂತ ಹೆಚ್ಚಾಗಿ, ಅತ್ತೆಯನ್ನೇ ಇನ್ನೊಮ್ಮೆ ಕಳಕೊಂಡೆ ಅಂತ. ಎಷ್ಟೋ ವರ್ಷದ ಹಿಂದೆ ಅತ್ತೆ ಕೆಳಗಿನ ಮನೆಯವರಿಗೆ ಅದರದೇ ಕುಡಿ ಕೊಟ್ಟಿದ್ದರಂತೆ. ಆ ಮನೆಯ ಸೊಸೆ ವಿಷಯ ಕೇಳಿ ಮಣ್ಣು ಸಮೇತ ಎರಡು ಗಿಡ ತಂದು ಜಗಲಿಯ ಮೇಲಿಟ್ಟಳು. ನಾನು ಇಲ್ಲ ಅಂದಿದ್ದು ಅವಳಿಗೂ ಸೇರಿ.

ಅವತ್ತಿನಿಂದ ಕೇಳಿದವರಿಗೆ ಇಲ್ಲ ಅಂದಿಲ್ಲ.

ನಿನಗೆ ಕಳಿಸುವ ಎರಡು ಗೆಡ್ಡೆಗೆ ಕೆಂಪು ದಾರ ಕಟ್ಟಿದ್ದೇನೆ, ಬಣ್ಣದ ಗುರುತಿಗೆ. ಗಿಡ ಗೇಣುದ್ದ ಆದಮೇಲೆ ತುದಿ ಚಿವುಟು, ಆಗಲೇ ಕವಲೊಡೆಯುವುದು. ಚಿವುಟಿದ ಕುಡಿ ಬಿಸಾಡಬೇಡ. ಒದ್ದೆ ಮರಳಲ್ಲಿ ಊರಿ ನೆರಳಲ್ಲಿಡು. ಬೇರು ಬಂದಮೇಲೆ ಪಕ್ಕದ ಮನೆಯ ಬಾಗಿಲು ತಟ್ಟು.