ವೋಲ್ಟೇಜ್ ರೆಗ್ಯುಲೇಟರ್ ಮತ್ತು ಡಿವೈಸ್ ಟ್ರೀ: ಸಣ್ಣ ಉತ್ಪಾದಕರಿಗೆ ಕೆಲವು ಅಂಶಗಳು

ಲಿನಕ್ಸ್ ಆಧಾರಿತ ಮೀಟರು, ನಿಯಂತ್ರಕ ಮುಂತಾದ ಉಪಕರಣಗಳನ್ನು ತಯಾರಿಸುವ ಉದ್ಯಮಿಗಳಿಗೆ ‘ಡಿವೈಸ್ ಟ್ರೀ’ ಎಂಬ ವಿವರಣಾ ಕಡತದ ಪರಿಚಯ ಅವಶ್ಯ. ಬೋರ್ಡಿನಲ್ಲಿ ಯಾವ ವೋಲ್ಟೇಜ್ ರೆಗ್ಯುಲೇಟರ್ ಯಾವ ಬಿಡಿಭಾಗಕ್ಕೆ ವಿದ್ಯುತ್ ಒದಗಿಸುತ್ತದೆ ಎಂಬುದನ್ನು ಕರ್ನೆಲ್ ಈ ಕಡತದಿಂದ ಅರಿಯುತ್ತದೆ.

ರೆಗ್ಯುಲೇಟರಿನ ಕನಿಷ್ಠ ಹಾಗೂ ಗರಿಷ್ಠ ಮಿತಿಗಳನ್ನು ಮೈಕ್ರೋವೋಲ್ಟ್‌ಗಳಲ್ಲಿ ನಮೂದಿಸಬೇಕು, 3.3 ವೋಲ್ಟ್ ಎಂದರೆ 3300000. ಈ ಮಿತಿಯು ರೆಗ್ಯುಲೇಟರಿನ ಸಾಮರ್ಥ್ಯವನ್ನಲ್ಲ, ಅದಕ್ಕೆ ಜೋಡಿಸಿದ ಬಿಡಿಭಾಗಗಳು ತಾಳಬಲ್ಲ ವ್ಯಾಪ್ತಿಯನ್ನು ಸೂಚಿಸತಕ್ಕದ್ದು. 1.8 ವೋಲ್ಟಿನ ಚಿಪ್ ಇರುವಲ್ಲಿ 3.3ರ ಮಿತಿ ಬರೆದರೆ, ಚಾಲಕ ತಂತ್ರಾಂಶದ ಒಂದು ತಪ್ಪು ಕೋರಿಕೆಯಿಂದ ಚಿಪ್ ಸುಟ್ಟುಹೋಗಬಹುದು.

ವಿದ್ಯುತ್ ಪಡೆಯುವ ಬಿಡಿಭಾಗದ ವಿವರದಲ್ಲಿ, ‘-ಸಪ್ಲೈ’ ಎಂದು ಕೊನೆಗೊಳ್ಳುವ ಸಾಲಿನ ಮೂಲಕ ರೆಗ್ಯುಲೇಟರನ್ನು ಸೂಚಿಸಬೇಕು. ಯಾರೂ ಬಳಸುತ್ತಿಲ್ಲವೆಂದು ಕಂಡ ರೆಗ್ಯುಲೇಟರನ್ನು ಕರ್ನೆಲ್ ಆರಂಭವಾದ ಸುಮಾರು 30 ಸೆಕೆಂಡುಗಳಲ್ಲಿ ಆರಿಸಿಬಿಡುತ್ತದೆ. ಆದ್ದರಿಂದ, ಮೊದಲು ಬೆಳಗಿದ ಪರದೆ ಅರ್ಧ ನಿಮಿಷದಲ್ಲಿ ಆರಿದರೆ, ಬೋರ್ಡನ್ನು ತಿರಸ್ಕರಿಸುವ ಮುನ್ನ ಈ ಸಾಲನ್ನು ಪರಿಶೀಲಿಸುವುದು ಲೇಸು. ಸದಾ ಚಾಲನೆಯಲ್ಲಿರಬೇಕಾದ ರೆಗ್ಯುಲೇಟರಿಗೆ ‘ಆಲ್ವೇಸ್-ಆನ್’ ಗುರುತು ಉಂಟು.

ಹೊರಗಿನವರಿಂದ ತಂತ್ರಾಂಶ ಬರೆಸುವ ಉತ್ಪಾದಕರು ಕಡತವನ್ನು ಬೋರ್ಡಿನ ನಕ್ಷೆಯೊಡನೆ ಹೋಲಿಸಿ ನೋಡಿದ ನಂತರವೇ ಸರಕನ್ನು ರವಾನಿಸಬೇಕು. ದರದ ಅನುಕೂಲಕ್ಕಾಗಿ ಬದಲಿ ಬಿಡಿಭಾಗ ಕೊಂಡಾಗಲೂ ಈ ಪರಿಶೀಲನೆ ತಪ್ಪಬಾರದು.