ನೋ-ಗಿ ಜಿಯು-ಜಿತ್ಸು: ವಿಜೇತರ ಪಟ್ಟಿಯನ್ನು ಓದುವ ಬಗೆ

ನೋ-ಗಿ ಚಾಂಪಿಯನ್‌ಗಳ ಹೆಸರು, ಇಸವಿಗಳನ್ನಷ್ಟೇ ಉರುಹೊಡೆದರೆ ಅರ್ಧ ವಿಷಯ ಕೈತಪ್ಪುತ್ತದೆ. ಯಾರ ಕೈ ಮೇಲಾಗಬೇಕೆಂಬುದರಲ್ಲಿ ನಿಯಮಗಳ ಪಾಲೂ ದೊಡ್ಡದು. 'ಗಿ' ಎಂದರೆ ಜಿಯು-ಜಿತ್ಸು ಕುಸ್ತಿಯಲ್ಲಿ ತೊಡುವ ದಪ್ಪ ಬಟ್ಟೆಯ ಉಡುಪು; ಅದಿಲ್ಲದೆ ಆಡುವುದೇ ನೋ-ಗಿ. ಅದಿದ್ದರೆ ಎದುರಾಳಿಯ ಕಾಲರ್ ಹಿಡಿದು ಕತ್ತು ಬಿಗಿಯಬಹುದು. ಅದಿಲ್ಲದಾಗ ಬೆವರಿದ ಮಣಿಕಟ್ಟು ಜಾರುತ್ತದೆ, ಹಿಡಿತಕ್ಕೆ ಕತ್ತು, ಕಂಕುಳು, ಕಾಲುಗಳೇ ಗತಿ. 1998ರಲ್ಲಿ ಅಬುಧಾಬಿಯಲ್ಲಿ ಶುರುವಾದ ಎಡಿಸಿಸಿ ಸ್ಪರ್ಧೆ ಹಿಮ್ಮಡಿ ಹಿಡಿದು ಮಂಡಿ ತಿರುಚುವ 'ಹೀಲ್ ಹುಕ್' ಪಟ್ಟಿಗೆ ಅವಕಾಶ ಕೊಟ್ಟಿತು. ಜಿಯು-ಜಿತ್ಸುವಿನ ಅಂತರರಾಷ್ಟ್ರೀಯ ಒಕ್ಕೂಟವಾದ ಐಬಿಜೆಜೆಎಫ್ ಮಾತ್ರ ತನ್ನ ನೋ-ಗಿ ಸ್ಪರ್ಧೆಗಳಲ್ಲಿ ಅದನ್ನು ಒಪ್ಪಿದ್ದು 2021ರಲ್ಲಿ, ಅದೂ ವಯಸ್ಕರ ಕಂದು ಮತ್ತು ಕಪ್ಪು ಬೆಲ್ಟಿನವರಿಗೆ. ಹೀಗಾಗಿ ಈ ಎರಡರ ಪದಕಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗದು.

ನಿಜವಾದ ಕುಸ್ತಿಪಟು ಯಾವ ನಿಯಮದಲ್ಲೂ ಗೆಲ್ಲುತ್ತಾನೆ ಎಂಬ ಆಕ್ಷೇಪ ಬರಬಹುದು. ಅದರಲ್ಲಿ ಹುರುಳಿದೆ: ಬ್ರೆಜಿಲ್‌ನ ಮಾರ್ಸೆಲೊ ಗಾರ್ಸಿಯಾ ಎಡಿಸಿಸಿಯ 77 ಕೆಜಿ ವಿಭಾಗವನ್ನು 2003, 2005, 2007, 2011ರಲ್ಲಿ ಗೆದ್ದರು, ಗಿ ತೊಟ್ಟು ಆಡುವ ವಿಶ್ವ ಚಾಂಪಿಯನ್‌ಶಿಪ್ಪನ್ನೂ ಐದು ಬಾರಿ ಗೆದ್ದರು. ರೋಜರ್ ಗ್ರೇಸಿ 2005ರ ಎಡಿಸಿಸಿಯಲ್ಲಿ ತಮ್ಮ ತೂಕ ವಿಭಾಗ, ಮುಕ್ತ ವಿಭಾಗ ಎರಡನ್ನೂ ಗೆದ್ದಾಗ ಎಂಟೂ ಎದುರಾಳಿಗಳನ್ನು ಶರಣಾಗಿಸಿದ್ದರು, ಮೈ ನವಿರೇಳಿಸುವ ಸಾಧನೆ ಅದು. ಆದರೆ 2017, 2019, 2022ರ ಎಡಿಸಿಸಿ ವಿಜೇತ ಅಮೆರಿಕದ ಗಾರ್ಡನ್ ರಯಾನ್ ಅವರ ಕೀರ್ತಿ ಬಹುಪಾಲು ನೋ-ಗಿಯದೇ. ಅವರ ತಲೆಮಾರು ಕಾಲಿನ ಪಟ್ಟುಗಳನ್ನು ಒಂದು ಪೂರ್ಣ ವಿದ್ಯೆಯಾಗಿ ಬೆಳೆಸಿತು, ಗಿ ನಿಯಮಗಳಡಿ ಅದಕ್ಕೆ ಅಷ್ಟು ಜಾಗವಿರಲಿಲ್ಲ.